ಪೇಪರಿನವರ ಮುಂದೆ ಊಟ

ಬೆಳಗಿನಿಂದ ಪುಟ್ಟಮಲ್ಲಮ್ಮನಿಗೆ ಕೈಕಾಲೇ ಆಡುತ್ತಿರಲಿಲ್ಲ. ಅವಳ ಮನೆಯಲ್ಲಿ ಮೂರು ತಿಂಗಳಿಂದ ಇರುವ ಅಮೆರಿಕದ ಹುಡುಗ ವಾಲ್ಟರನ ಪಟ ತೆಗೆದು ಬರೆಯಲು ಮೈಸೂರಿನ ವಾರಪತ್ರಿಕೆಯವರೊಬ್ಬರು ಅವಳ ಊರು ಹಂಗಳಕ್ಕೆ ಬರುವವರಿದ್ದರು. ಅಲ್ಲಿಯ ರೈತರ ಮಕ್ಕಳು ಇಲ್ಲಿಗೆ, ಇಲ್ಲಿಯವರು ಅಲ್ಲಿಗೆ ಹೋಗಿ ಬೇಸಾಯ ಕಲಿಯುವ ಏರ್ಪಾಡಿನಲ್ಲಿ ಬಂದವನು ಅವನು. ಬರುವ ಮೊದಲು ಊರೆಲ್ಲ ಅವಳನ್ನು ಹೆದರಿಸಿತ್ತು. ಗುಂಡ್ಲುಪೇಟೆಯ ಟೆಂಟಿನಲ್ಲಿ ಕಂಡ ಸಿನಿಮಾಗಳ ಪ್ರಕಾರ ಬಿಳಿ ಹುಡುಗರು ಸಿಗರೇಟು ಸೇದುತ್ತಾರೆ, ಹೆಂಗಸರ ಸೊಂಟ ಹಿಡಿದು ಕುಣಿಯುತ್ತಾರೆ. ಈ ವಾಲ್ಟರೋ, ಬಂದ ಎರಡನೇ ದಿನವೇ ಕೊಟ್ಟಿಗೆ ಗುಡಿಸಿ, ಒದೆಯುವ ಹಸುವಿನ ಹಾಲು ಕರೆದು, ಚೊಂಬು ತುಂಬ ತಂದಿಟ್ಟಿದ್ದ.

ಹುಡುಗನ ಬಗೆಗಿದ್ದ ಭಯ ಅಂದೇ ಹೋಯಿತು. ಈಗ ಉಳಿದದ್ದು ಪೇಪರಿನ ಭಯ. ಹೋದ ವರ್ಷ ಅದೇ ಪತ್ರಿಕೆ ಬೇರೊಂದು ಊರಿನ ಇಂಥದೇ ಹುಡುಗನ ಪಟ ಹಾಕಿ, 'ಮುದ್ದೆ ತಿಂದು ಸೊರಗಿದ ವಿದೇಶಿ ವಿದ್ಯಾರ್ಥಿ' ಎಂದು ಬರೆದು, ಸಾಕಿದವರ ಮಾನ ಬೀದಿಪಾಲು ಮಾಡಿತ್ತು. ತನ್ನ ಮನೆಗೂ ಹಾಗೇ ಆದರೆ ಭೀಮನಬೀಡಿನ ತವರಿನಲ್ಲಿ ತಲೆ ಎತ್ತುವುದು ಹೇಗೆ?

ಅದಕ್ಕೇ ಊರಾಚೆಯ ಪ್ರವಾಸಿ ಬಂಗಲೆಯಿಂದ ಮೇಜು ಕುರ್ಚಿ ಬಂದವು. ಬಸ್ಸಿನಲ್ಲಿ ಗುಂಡ್ಲುಪೇಟೆಯಿಂದ ಬ್ರೆಡ್ಡು ಬಂತು.

"ಮನೇನ ಓಟ್ಲು ಮಾಡ್ಬುಟ್ಟಲ್ಲಮ್ಮಿ," ಎಂದು ಗಂಡ ದೊಡ್ಡಮಲ್ಲಪ್ಪ ನಕ್ಕ.

"ನೀವು ಸುಮ್ನಿರಿ. ಇವತ್ತೊಂದಿನ ಅವ್ನು ಸಿನಿಮಾದೋರಂಗೆ ಕಾಣ್ಲಿ."

ಪತ್ರಿಕೆಯವರು ಬಂದಾಗ ವಾಲ್ಟರ್ ಕೋಟು ತೊಟ್ಟು ಕುರ್ಚಿಯಲ್ಲಿ ಕೂತಿದ್ದ. ಒಂದು ಚೂರು ಬ್ರೆಡ್ಡು ಕಚ್ಚಿದ, ಪಟವಾಯಿತು. ಅವರಿಗೆ ಖುಷಿಯೋ ಖುಷಿ. ಆ ಹೊತ್ತಿಗೆ ಒಳಗೆ ದೊಡ್ಡಮಲ್ಲಪ್ಪ ಊಟಕ್ಕೆ ಕೂತ. ಹುರುಳಿ ಸಾರಿನ ವಾಸನೆ ಪಡಸಾಲೆಗೆ ಬಂದದ್ದೇ ತಡ, ವಾಲ್ಟರ್ ಕೋಟು ಕಳಚಿಟ್ಟು ಎದ್ದ.

"ಅವ್ವ, ನನ್ ಮುದ್ದೆ ಎಲ್ಲಿ?"

ದೊಡ್ಡಮಲ್ಲಪ್ಪನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಎರಡು ಮುದ್ದೆ ನುಂಗಿದ. ಆಮೇಲೆ ತಟ್ಟೆಗೆ ನೀರು ಸುರಿದು, ಬೆರಳಾಡಿಸಿ ತೊಳೆದು, ಆ ನೀರನ್ನು ಗಟಗಟ ಕುಡಿದ.

ಹಿಂದೆಯೇ ಬಂದಿದ್ದ ಪತ್ರಿಕೆಯವರು ಲೇಖನಿ ತೆಗೆದರು. "ಪಾಪ, ತಟ್ಟೆ ತೊಳೆದ ನೀರು ಕುಡಿಯುವಷ್ಟು ಹಸಿವೇ ಈ ಹುಡುಗನಿಗೆ?"

ಉಂಡದ್ದು ಪ್ರಸಾದ, ಅದರ ಒಂದು ಕಣವೂ ಚೆಲ್ಲಬಾರದು ಎಂಬುದು ಶಿವನನ್ನು ನಂಬಿದ ಆ ಮನೆಯ ಹಿರಿಯರ ಕಾಲದ ಪದ್ಧತಿ. ಪುಟ್ಟಮಲ್ಲಮ್ಮ ಮಾಡಿದ ಉಪಾಯವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ದೊಡ್ಡಮಲ್ಲಪ್ಪ ತಲೆಯನ್ನೂ ಎತ್ತದೆ ತನ್ನ ತಟ್ಟೆಗೆ ನೀರು ಸುರಿದ, ತೊಳೆದ, ಕುಡಿದ, ಎದ್ದು ಹೋದ.

"ನಮ್ಮನೇಲಿ ಎಲ್ರೂ ಕುಡಿತೀವಿ," ಎಂದ ವಾಲ್ಟರ್. "ಶಿವನ ಪ್ರಸಾದ. ಚೆಲ್ಲಬಾರ್ದು."

ಪತ್ರಿಕೆಯವರ ಲೇಖನಿ ನಿಂತಿತು. ಮುಖ ಸಪ್ಪಗಾಯಿತು. "ಇದರಲ್ಲಿ ಬರೆಯೋದೇನಿದೆಯಮ್ಮ? ನಿಮ್ಮೂರಿನ ಯಾವ ಹುಡುಗನಾದರೂ ಹೀಗೇ ಉಣ್ಣುತ್ತಾನೆ," ಎಂದು ಗೊಣಗುತ್ತ ಸಂಜೆ ಬಸ್ಸು ಹಿಡಿದರು.

ವಾರವಾಯಿತು, ಎರಡು ವಾರವಾಯಿತು. ಪತ್ರಿಕೆಯಲ್ಲಿ ಏನೂ ಬರಲಿಲ್ಲ, ಕುರ್ಚಿಯ ಪಟವೂ ಬರಲಿಲ್ಲ.

ಪಕ್ಕದ ಮನೆಯ ಗುರುಸಿದ್ದಮ್ಮ ಕೆಣಕಿದಳು: "ಮೇಜು ಒತ್ಕೊಂಡು ಬಂದಿದ್ದೂ ದಂಡ ಆಯ್ತಲ್ಲಮ್ಮಿ."

ಪುಟ್ಟಮಲ್ಲಮ್ಮ ವಾಲ್ಟರನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು.

"ಓಗ್ಲಿ ಬುಡಕ್ಕ. ಮನೆ ಮಗ ಉಂಡದ್ದ ಯಾವ ಪೇಪರ್ನೋರು ಆಕ್ತಾರೆ?"