ಯಾರೂ ಬಂದು ಕೂರದ ತರಗತಿ

ಹೊಸ ಶಿಕ್ಷಕರನ್ನು ಮೊದಲ ವರ್ಷ ಒಂಟಿಯಾಗಿ ಬಿಡಬಾರದು, ಅನುಭವಿ ಶಿಕ್ಷಕರೊಬ್ಬರು ಹತ್ತು ಸಲ ಅವರ ತರಗತಿಯಲ್ಲಿ ಕೂತು ನೋಡಿ ತಿದ್ದಬೇಕು ಎಂದು ಆ ವರ್ಷ ನಿಯಮ ಬಂದಿತ್ತು. ಐದನೇ ತರಗತಿಗೆ ಗಣಿತ ಕಲಿಸಲು ಬಂದ ಹೊಸ ಟೀಚರಿಗೆ ಅದನ್ನು ಓದಿ, ಹೋದ ಜೀವ ಬಂದಂತಾಗಿತ್ತು. ತರಬೇತಿ ಕಾಲೇಜಿನಲ್ಲಿ ಎರಡು ವರ್ಷ ಅವಳು ಚಾರ್ಟು ಅಂಟಿಸಿದ್ದೇ ಹೆಚ್ಚು. ನಿಜವಾದ ಮಕ್ಕಳೆದುರು ನಿಂತದ್ದು ಹನ್ನೆರಡೇ ದಿನ.

ಭಿನ್ನರಾಶಿ ಶುರುವಾದಾಗ ತರಗತಿ ಕೈತಪ್ಪಿತು. ಅರ್ಧಕ್ಕೆ ಕಾಲು ಕೂಡಿಸಿ ಎಂದರೆ ಮುಕ್ಕಾಲು ಪಾಲು ಮಕ್ಕಳು ಮೇಲಿನವನ್ನೂ ಕೆಳಗಿನವನ್ನೂ ಬೇರೆ ಬೇರೆ ಕೂಡಿಸಿ ಆರರಲ್ಲಿ ಎರಡು ಎಂದು ಬರೆದರು. ಮತ್ತೆ ಮತ್ತೆ ಹೇಳಿದಳು. ಹಿಂದಿನ ಬೆಂಚಿನವರು ಅವಳ ದನಿಯನ್ನೇ ಅಣಕಿಸಿದರು.

ಅವಳ ಮಾರ್ಗದರ್ಶಕರು ಶಾಲೆಯ ಹಿರಿಯ ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ಅವರನ್ನು ಹಿಡಿದಳು.

"ಸರ್, ಒಂದು ಪೀರಿಯಡ್ ಬಂದು ಕೂತ್ಕೊಳ್ತೀರಾ? ಎಲ್ಲಿ ತಪ್ತಿದೀನಿ ಅಂತಾನೇ ಗೊತ್ತಾಗ್ತಿಲ್ಲ."

"ಬರೋಣ, ಬರೋಣ," ಎಂದು ಮೇಷ್ಟ್ರು ಟೀಯಲ್ಲಿ ಬಿಸ್ಕತ್ತು ಅದ್ದಿದರು. ವರ್ಷವಿಡೀ ಬರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಮೇಷ್ಟ್ರು ಅವಳನ್ನು ಸಹಿ ಹಾಕಲು ಕರೆದರು. ಪಾಠ ನೋಡಿ ತುಂಬಬೇಕಿದ್ದ ಹತ್ತೂ ಹಾಳೆ ಭರ್ತಿಯಾಗಿದ್ದವು, ಬೇರೆ ಬೇರೆ ದಿನ ಬರೆದಂತೆ ಕಾಣಲು ಒಂದೊಂದಕ್ಕೆ ಒಂದೊಂದು ಪೆನ್ನು. 'ಭಿನ್ನರಾಶಿಯ ಪಾಠ ಮನಮುಟ್ಟುವಂತಿತ್ತು' ಎಂದು ಬರೆದಿದ್ದ ಹಾಳೆಯ ತಾರೀಖಿನಂದು ಅವಳು ಜ್ವರ ಬಂದು ಮನೆಯಲ್ಲಿ ಮಲಗಿದ್ದಳು. ಆ ಹಾಳೆಯನ್ನು ಮೇಷ್ಟ್ರ ಕಡೆಗೆ ತಿರುಗಿಸಿದಳು.

"ಇದು ನನ್ನ ಪಾಠ ಅಲ್ಲ ಸರ್."

"ಒಳ್ಳೇದೇ ಬರ್ದಿದೀನಲ್ಲಮ್ಮ."

ಸಹಿ ಹಾಕದೆ ಹಾಳೆಗಳನ್ನು ಮನೆಗೆ ತಂದಳು. ನರ್ಸ್ ಆಗಿದ್ದ ಅಕ್ಕ ಅವನ್ನು ತಿರುವಿ ಮುಖ ಕಿವುಚಿದಳು. "ಆರು ತಿಂಗಳು ನಮ್ಮನ್ನ ಒಬ್ಬರನ್ನೇ ಸೂಜಿ ಹಿಡಿಯೋಕೆ ಬಿಡ್ಲಿಲ್ಲ ಕಣೇ. ನಿಮ್ಮಲ್ಲಿ ಅಷ್ಟು ಮಕ್ಕಳನ್ನ ಕೈಗೆ ಕೊಟ್ಟು ಹೊರಟೇ ಹೋಗ್ತಾರಾ?"

"ಸಹಿ ಹಾಕದಿದ್ರೆ ಕೆಲಸ ಖಾಯಂ ಆಗಲ್ಲ ಅಕ್ಕ."

"ಹಾಕಿದ್ರೆ?"

ಬೆಳಿಗ್ಗೆ, ಕೊನೆಯ ಹಾಳೆಯಲ್ಲಿ ಹೊಸ ಶಿಕ್ಷಕರ ಅಭಿಪ್ರಾಯಕ್ಕೆ ಬಿಟ್ಟಿದ್ದ ಜಾಗದಲ್ಲಿ ಅವಳು ಬರೆದಳು: 'ಯಾರೂ ಬಂದು ನೋಡಿಲ್ಲ. ನನಗೆ ಭಿನ್ನರಾಶಿ ಕಲಿಸಲು ಬರುವುದಿಲ್ಲ. ಯಾರಾದರೂ ಹೇಳಿಕೊಡಿ.' ಕೆಳಗೆ ಸಹಿ ಹಾಕಿದಳು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಮೇಲೆ ಶಿಕ್ಷಣ ಇಲಾಖೆಯ ಕಚೇರಿಯಿಂದ ಪತ್ರ ಬಂತು. ಅವಳ ಕಲಿಕೆಯ ಅವಧಿಯನ್ನು ಒಂದು ವರ್ಷ ಮುಂದುವರಿಸಲಾಗಿದೆ, ಮಾರ್ಗದರ್ಶಕರು ಅದೇ ಹಿರಿಯ ಮೇಷ್ಟ್ರು. ಪತ್ರವನ್ನು ಕೈಯಲ್ಲಿ ಹಿಡಿದಿರಲೂ ಅವಳಿಗೆ ಅಸಹ್ಯವಾಯಿತು.

ಆ ಮಧ್ಯಾಹ್ನ ಕೇಳದೆಯೇ ಪಕ್ಕದ ಕೋಣೆಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ಆರನೇ ತರಗತಿಯ ಟೀಚರ್ ಕಾಗದದ ಪಟ್ಟಿ ಮಡಚಿ ಅರ್ಧ ಮಾಡಿದರು, ಮತ್ತೆ ಮಡಚಿ ಕಾಲು ಮಾಡಿದರು. ಅರ್ಧದೊಳಗೆ ಎರಡು ಕಾಲು ಕಂಡವು, ಇನ್ನೊಂದು ಕಾಲು ಸೇರಿದರೆ ಮುಕ್ಕಾಲು. ಇಷ್ಟೇನಾ ಎನಿಸಿತು.

"ನಿಮಗೆ ಇದನ್ನ ಯಾರು ಹೇಳಿಕೊಟ್ರು ಮೇಡಂ?" ಎಂದು ಆಮೇಲೆ ಕೇಳಿದಳು.

"ಯಾರೂ ಇಲ್ಲ," ಎಂದರು ಅವರು, ಪಟ್ಟಿಗಳನ್ನು ಆರಿಸಿಕೊಳ್ಳುತ್ತ. "ನಾಲ್ಕು ಬ್ಯಾಚ್ ಮಕ್ಕಳನ್ನ ಹಾಳು ಮಾಡಿ ಕಲ್ತೆ."