ಮೋತ್ಯಾನ ಊಳು, ತುಪ್ಪದ ರೊಟ್ಟಿ

“ಅದನ್ನ ಇವತ್ತ ಹೊಳಿ ಆಚಿ ಬಿಟ್ಟು ಬಾ! ಇಲ್ಲಾಂದ್ರ ನಿಮ್ಮವ್ವನ್ನ ಹೊತಗೊಂಡು ಹೋಗೂ ತಯಾರಿ ಮಾಡ್ಕೊ!”

ಪಡಸಾಲೆಯ ಕಂಬಕ್ಕೆ ಸರಪಳಿ ಹಾಕಿದ್ದ ನಾಯಿಯತ್ತ ಕೈ ಮಾಡಿ ಸಾಯಬಣ್ಣ ಒದರುತ್ತಿದ್ದ. ಅಕ್ಕನ ಜ್ವರದ ಸುದ್ದಿ ಕೇಳಿ ಅಕ್ಕಲಕೋಟದಿಂದ ನಾಗಣಸೂರಿಗೆ ಬಂದ ತಮ್ಮ ಅವನು. ಎದುರಿಗೆ ನಿಂತವನು ಅವನ ಸೋದರಳಿಯ ಕಲ್ಲಣ್ಣ.

“ಮಾಮಾ, ಬಾಯಿ ಸಂಭಾಳಿಸಿ ಮಾತಾಡ್ರಿ. ಅವ್ವ ಇಲ್ಲೇ ಮಲಗ್ಯಾಳ.”

“ಮಲಗೀನಿ, ಸತ್ತಿಲ್ಲ,” ಎಂದಳು ಅಕ್ಕನಾಗಮ್ಮ ಹೊರಸಿನ ಮೇಲಿಂದ. “ಸಣ್ಣಗ ಒದರ್ರಿ. ನಾಯಿಗಿಂತ ನಿಮ್ಮದ ಜೋರಾಗ್ಯದ.”

ಮೋತ್ಯಾ ಕುತ್ತಿಗೆ ಎತ್ತಿ ಮತ್ತೆ ಊಳಿಟ್ಟಿತು. ಸೊಸೆ ಕಲ್ಯಾಣಮ್ಮ ಒಳಗಿನಿಂದ ಓಡಿಬಂದು, ತುಪ್ಪ ಸವರಿದ ರೊಟ್ಟಿಯನ್ನು ಅತ್ತೆಯ ತಲೆಯ ಸುತ್ತ ನಿವಾಳಿಸಿ ನಾಯಿಗೆ ಹಾಕಿದಳು. ಅಪಶಕುನ ಕಳೆಯಲೆಂದು ಹೀಗೆ ಮಾಡಲು ಹೇಳಿದವನು ಸಾಯಬಣ್ಣನೇ. ಮೋತ್ಯಾ ಗಬಗಬ ತಿಂದು, ಬಾಯಿ ನೆಕ್ಕಿಕೊಂಡು, ಅಡುಗೆಮನೆಯ ಬಾಗಿಲನ್ನೇ ನೋಡುತ್ತ ಕುಳಿತಿತು.

ಶ್ರಾವಣದ ಜಿಟಿಜಿಟಿ ಮಳೆ ಹಿಡಿದಾಗಿನಿಂದ ಆ ಮನೆಯಲ್ಲಿ ಇದೇ ನಡೆದಿತ್ತು. ಎರೆಮಣ್ಣಿನಲ್ಲಿ ಗಾಲಿ ಹೂಳುವುದರಿಂದ ಬಂಡಿ ಹೊಲಕ್ಕೆ ಹೋಗುತ್ತಿರಲಿಲ್ಲ. ಮಳೆ ಇಲ್ಲದ ದಿನ ಮೋತ್ಯಾ ಬಂಡಿಯ ನೆರಳಲ್ಲೇ ಓಡುತ್ತ ಹೊಲಕ್ಕೆ ಹೋಗಿ, ಬೆಳೆಗೆ ನುಗ್ಗುವ ಚಿಗರಿ ಬೆನ್ನಟ್ಟಿ, ಬುತ್ತಿ ಕಾದು, ಸಂಜೆ ಮನೆಗೆ ಬಂದು ಸತ್ತಂತೆ ಮಲಗುತ್ತಿತ್ತು. ಈಗ ಕಂಬ, ಸರಪಳಿ, ರೊಟ್ಟಿ. ನೊಗದ ಚರ್ಮದ ಪಟ್ಟಿ ಕಡಿದು ಹಾಕಿತೆಂದು ಕಲ್ಲಣ್ಣ ಬಾರಿಸಿದ್ದ. ಅಂದಿನಿಂದ ಊಳು ಇನ್ನೂ ಹೆಚ್ಚಿತ್ತು.

ಅಕ್ಕನಾಗಮ್ಮನಿಗೂ ಒಳಗೊಳಗೇ ಅಂಜಿಕೆ. ಊಳು ಕೇಳಿದಾಗಲೆಲ್ಲ ಅಂಗಾಲು ತಣ್ಣಗಾದಂತೆ ಅನಿಸುತ್ತಿತ್ತು. ಆದರೆ ಕಣ್ಣು ಬಿಡದ ಮರಿಗೆ ಹಾಲಿನಲ್ಲಿ ಅರಳೆ ಅದ್ದಿ ಕುಡಿಸಿ ಬೆಳೆಸಿದವಳೂ ಅವಳೇ. ಹೊಳೆಯಾಚೆ ಬಿಟ್ಟರೆ ಅದು ಬದುಕುವುದಿಲ್ಲ.

ಪಂಚಮಿಗೆ ತವರಿಗೆ ಬಂದಿದ್ದ ಮಗಳು ಲಕ್ಷ್ಮೀಬಾಯಿ ಇದನ್ನೆಲ್ಲ ನೋಡುತ್ತಿದ್ದಳು. ಅವಳನ್ನು ಕೊಟ್ಟಿದ್ದು ಸೋಲಾಪುರದ ವಿಜಾಪುರ ರಸ್ತೆಯ ಕಾಳಿನ ವ್ಯಾಪಾರಿಯ ಮನೆಗೆ.

“ಅಣ್ಣಾ, ಊಳಿಟ್ರ ತುಪ್ಪದ ರೊಟ್ಟಿ. ಸುಮ್ಮ ಕುಂತಾಗ ಏನ ಕೊಡ್ತೀರಿ?”

“ಸುಮ್ಮ ಕುಂತ್ರ ಯಾಕ ಕೊಡಬೇಕು?”

“ಹಂಗಾರ ಅದು ಯಾಕ ಸುಮ್ಮ ಕುಂದರಬೇಕು?”

ಕಲ್ಯಾಣಮ್ಮ ಸೆರಗು ಬಾಯಿಗೆ ಒತ್ತಿ ನಕ್ಕಳು. ಕಲ್ಲಣ್ಣ ಸಿಡುಕಿದ. “ಶಾಣ್ಯಾಕಿ ಬಂದ್ಲು ಪ್ಯಾಟಿಯಿಂದ! ಮಳಿಯಾಗ ಅದನ್ನ ಹೊಲಕ್ಕ ಹೊತಗೊಂಡು ಹೋಗ್ಲೇನು?”

“ಬ್ಯಾಡ, ಅದಕ್ಕ ಮನಿಯಾಗ ಕೆಲಸ ಕೊಡು. ನಮ್ಮ ಗೋದಾಮಿನ ನಾಯಿ ಮಳಿಗಾಲೆಲ್ಲಾ ಒಳಗ ಇರ್ತದ. ಮೊದಲ ಚೀಲ ಹರೀತಿತ್ತು, ನಾವೂ ಹೊಡದ್ವಿ. ಏನೂ ಆಗಲಿಲ್ಲ. ಕೆಲಸ ಕೊಟ್ಟ ಮ್ಯಾಲ ಬಿಟ್ತು. ಅದಕ್ಕ ಬ್ಯಾಸರ ಬರ್ತದೋ ಅಣ್ಣಾ.”

ಅವಳು ಸರಪಳಿ ಬಿಚ್ಚಿದಳು. ಸಾಯಬಣ್ಣ ಕಾಲು ಮೇಲೆತ್ತಿಕೊಂಡು ಕುಳಿತ. ಲಕ್ಷ್ಮೀಬಾಯಿ ಹಳೆಯ ಗೋಣಿತಟ್ಟಿನಿಂದ ನಾಯಿಯ ಒದ್ದೆ ಮೈ ಒರೆಸಿ, ಬೆಚ್ಚಗಿನ ಮೂಲೆಯಲ್ಲಿ ಅದಕ್ಕೊಂದು ಹಾಸಿಗೆ ಮಾಡಿದಳು. ಒಣರೊಟ್ಟಿ ಮುರಿದು ಹೊಟ್ಟಿನ ಬುಟ್ಟಿಯಲ್ಲಿ, ಬೋರಲು ಹಾಕಿದ ಮೊರದ ಕೆಳಗೆ, ಬೀಸುವ ಕಲ್ಲಿನ ಹಿಂದೆ ಬಚ್ಚಿಟ್ಟಳು. “ಹುಡುಕೋ ಮೋತ್ಯಾ!”

ಮೋತ್ಯಾ ಮೂಸಿತು, ಕೆದರಿತು, ಹೊಟ್ಟು ಮೂಗಿಗೇರಿ ಸೀನಿತು. ಒಂದೊಂದು ಚೂರು ಸಿಕ್ಕಾಗಲೂ ಅದರ ಬಾಲ ಜೋರಾಗಿ ಅಲ್ಲಾಡಿತು. ಆಮೇಲೆ ಅದನ್ನು ಕೂರಿಸಿ, ತಾಳ್ಮೆಯಿಂದ ಕಾಯ್ದರಷ್ಟೇ ಚೂರು ಕೊಟ್ಟಳು. ಕಡಿಯಲು ದಪ್ಪ ಹಗ್ಗದ ಗಂಟು ಹಾಕಿದಳು. ಮಳೆ ತುಸು ನಿಂತಾಗ ಕಲ್ಲಣ್ಣ ಗೊಣಗುತ್ತಲೇ ಓಣಿಯ ಕೊನೆಯವರೆಗೆ ಅಡ್ಡಾಡಿಸಿಕೊಂಡು ಬಂದ.

“ಮೂಗಿನ ಕೆಲಸಕ್ಕೂ ನಾಯಿ ದಣೀತದ,” ಎಂದಳು ಲಕ್ಷ್ಮೀಬಾಯಿ.

ಮಧ್ಯಾಹ್ನ ಮೋತ್ಯಾ ಇನ್ನೊಮ್ಮೆ ಊಳಿಟ್ಟಿತು. ಕಲ್ಯಾಣಮ್ಮ ರೊಟ್ಟಿ ಹಿಡಿದು ಎದ್ದಳು. ಅಕ್ಕನಾಗಮ್ಮ ಅವಳ ಸೆರಗು ಹಿಡಿದಳು.

“ಕುಂದರವ್ವಾ. ನನ್ನ ಸಾವಿನ ಹೆಸರಲೆ ಇನ್ನ ರೊಟ್ಟಿ ಹಾಕಬ್ಯಾಡ.”

ಅಂಜಿಕೆ ಇದ್ದರೂ ಹಿಡಿದ ಸೆರಗು ಬಿಡಲಿಲ್ಲ. ನಾಯಿ ಬಾಗಿಲು ನೋಡಿತು. ಯಾರೂ ಬರಲಿಲ್ಲ. ಇನ್ನೊಮ್ಮೆ ಕುಂಯ್‌ಗುಟ್ಟಿ, ಗೋಣಿತಟ್ಟಿನ ಮೇಲೆ ಸುತ್ತು ಹಾಕಿ ಮಲಗಿತು. ಅದು ಪೂರ್ತಿ ಸುಮ್ಮನಾದ ಮೇಲೆ ಮುದುಕಿ ತಾನೇ ಕೈ ಚಾಚಿ ಒಂದು ಚೂರು ಕೊಟ್ಟಳು.

ಸಾಯಬಣ್ಣ ಎದ್ದು ನಿಂತ. “ಅಂದ್ರ ನಾ ಸುಳ್ಳ ಹೇಳಿದೆ? ನನ್ನ ಹೇಣ್ತಿ ಹೋಗೂ ಮುಂದ ನಾಯಿ ಊಳಿಟ್ಟಿತ್ತು. ಈ ಕಿವಿಲೆ ಕೇಳೀನಿ!”

“ಮಾಮಾ,” ಲಕ್ಷ್ಮೀಬಾಯಿ ಮೆಲ್ಲಗೆ ಕೇಳಿದಳು, “ಆಗೂ ಹಿಂಗ ಮಳಿ ಇತ್ತೇನ್ರಿ? ಕಟ್ಟಿ ಹಾಕಿದ್ರೇನ್ರಿ?”

ಸಾಯಬಣ್ಣ ಕಂಬಳಿ ಕೊಪ್ಪೆ ಹಾಕಿಕೊಂಡು ಅಂಗಳಕ್ಕೆ ಇಳಿದ.

“ತಮ್ಮಾ, ಉಂಡು ಹೋಗೋ,” ಎಂದಳು ಅಕ್ಕನಾಗಮ್ಮ. ಅವನು ತಿರುಗಿ ನೋಡಲಿಲ್ಲ. ಮರುವರ್ಷದ ಪಂಚಮಿಗೆ, ಜ್ವರ ಬಿಟ್ಟು ಎದ್ದಿದ್ದ ಅಕ್ಕನಾಗಮ್ಮ ತಾನೇ ಉಂಡಿ ಕಟ್ಟಿದಳು. ಪಕ್ಕದಲ್ಲಿ ಮೋತ್ಯಾ ಇತ್ತು. ಮುನಿದು ಹೋದ ತಮ್ಮ ಮಾತ್ರ ಬರಲಿಲ್ಲ, ಮುಂದೆ ಎಂದೂ ಬರಲಿಲ್ಲ.

ಓದುವ ಅಣ್ಣಂದಿರೇ, ಅಕ್ಕಂದಿರೇ, ಮನೆಯವರಿಗೆ ಜ್ವರ ಬಂದರೆ ವೈದ್ಯರನ್ನು ಕರೆಯಿರಿ, ನಾಯಿಯನ್ನು ಬೈಯಬೇಡಿ. ಮಳೆಯಲ್ಲಿ ಅದನ್ನು ಕಂಬಕ್ಕೆ ಬಿಗಿದು ಮರೆಯಬೇಡಿ. ಮೈ ಒರೆಸಿ, ಒಣ ಜಾಗ ಕೊಡಿ, ರೊಟ್ಟಿಯನ್ನು ಹುಡುಕಿ ತಿನ್ನಲು ಬಿಡಿ, ಕಡಿಯಲು ಏನಾದರೂ ಹಾಕಿ, ಮಳೆ ಬಿಟ್ಟಾಗ ಅಡ್ಡಾಡಿಸಿ. ಅದು ಸುಮ್ಮನಿದ್ದಾಗ ತಲೆ ಸವರಿ. ವರ್ಷವಿಡೀ ನಿಮ್ಮ ಹೊಲ ಕಾಯುವ ಜೀವಕ್ಕೆ ಮಳೆಗಾಲದಲ್ಲಿ ಇಷ್ಟು ಮಾಡಲು ಕೈ ನೋಯುತ್ತದೆಯೇ?