ದಸ್ತಗೀರಸಾಬ ಬರೆದ ಎಂಟು ಹೆಸರು

ಸುರಪುರದ ಕಚೇರಿ ಮೈದಾನದ ಎದುರಿಗೇ ದಸ್ತಗೀರಸಾಬನ ಹೊಲಿಗೆ ಅಂಗಡಿ. ನಿಜಾಮನ ಮೇಲೆ ಪೊಲೀಸ್ ಆಕ್ಷನ್ ಆದಾಗ ಬಂದ ಪಲ್ಟನ್ನು ಕೆಲವು ತಿಂಗಳು ಆ ಮೈದಾನದಲ್ಲಿ ತಂಬು ಹೊಡೆದಿತ್ತು. ಹೋಗುವಾಗ ಎರಡು ಕಂಬ, ಎರಡು ಹಲಗೆ, ಎರಡು ಕಬ್ಬಿಣದ ಬಳೆ ಬಿಟ್ಟುಹೋಯಿತು. ಊರಿನ ಮಂದಿ ಅದನ್ನು ಬುಟ್ಟಿ ಚೆಂಡು ಅಂದರು. ಡ್ರಿಲ್ ಮಾಸ್ತರ ದ್ಯಾವಪ್ಪ ಬಾಸ್ಕೆಟ್‌ಬಾಲ್ ಎಂದು ತಿದ್ದಿ, ಕಚೇರಿಯ ಗುಮಾಸ್ತರು, ಜವಾನರನ್ನೆಲ್ಲ ಕೂಡಿಸಿ ಒಂದು ತಂಡ ಕಟ್ಟಿದರು.

ಆ ಗಲಾಟೆಯ ವರ್ಷ ದಸ್ತಗೀರಸಾಬ ಮೂರು ತಿಂಗಳು ಅಂಗಡಿಯ ಬಾಗಿಲು ತೆರೆದಿರಲಿಲ್ಲ. ತೆರೆದ ದಿನ ಮಧ್ಯಾಹ್ನದವರೆಗೆ ಒಬ್ಬ ಗಿರಾಕಿ ಬರಲಿಲ್ಲ. ಮೊದಲು ಒಳಗೆ ಬಂದವನು ತಹಸೀಲ ಗುಮಾಸ್ತ, ತಂಡದ ಕಪ್ತಾನ ಅಯ್ಯಪ್ಪ, ಬಗಲಲ್ಲಿ ನೀಲಿ ಬಟ್ಟೆಯ ಥಾನು. "ಕಾಕಾ, ನಮ್ಮ ಟೀಮಿಗೆ ತೋಳಿಲ್ಲದ ಅಂಗಿ ಹೊಲೀಬೇಕು. ಅಳತಿ ತಗೋರಿ," ಎಂದು ಎದೆ ಸೆಟೆಸಿ ನಿಂತ. ಅಂದಿನಿಂದ ಆ ತಂಡ ದಸ್ತಗೀರಸಾಬನದೇ ಆಯಿತು. ಚೆಂಡನ್ನು ಅವನು ಒಮ್ಮೆಯೂ ಮುಟ್ಟಲಿಲ್ಲ. ಆದರೆ ಸಂಜೆ ಐದಕ್ಕೆ ಮಿಷನ್ ನಿಲ್ಲಿಸಿ, ಕಟ್ಟೆಗೆ ಬಂದು ಕೂತು, ಆಟ ಮುಗಿಯುವ ತನಕ ಒದರುತ್ತಿದ್ದ.

ಅಳತೆ ಟೇಪಿನವನಿಗೆ ಕಾಣುವುದು ಬೇರೆಯವರಿಗೆ ಕಾಣುವುದಿಲ್ಲ. ಅಮೋಘಸಿದ್ದನನ್ನೇ ತಗೊಳ್ಳಿ. ಸಗರದ ಕಡೆಯ ಕುರಿಗಾರರ ಮನೆಯ ಹುಡುಗ, ಕಚೇರಿಯಲ್ಲಿ ಜವಾನನಾಗಿ ಬಂದಿದ್ದ. ಆರು ಅಡಿಯ ಮೇಲೆ ಎರಡು ಬೆರಳು ಎತ್ತರ. ಮೊದಲ ದಿನ ಚೆಂಡು ಕೈಗೆ ಕೊಟ್ಟರೆ ಎಳೆ ಮರಿಯನ್ನು ಅಪ್ಪಿಕೊಂಡ ಹಾಗೆ ಎದೆಗೆ ಅವಚಿಕೊಂಡು ಈ ತುದಿಯಿಂದ ಆ ತುದಿಗೆ ಓಡಿದ. ಮೈದಾನವೆಲ್ಲ ನಕ್ಕಿತು. "ಇವನ್ನ ತಗದಹಾಕ್ರಿ ಮಾಸ್ತರ್ರ, ಇಂವಾ ಆಟಕ್ಕ ಬರಂಗಿಲ್ಲ," ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ದಸ್ತಗೀರಸಾಬನೇ. ಮಾಸ್ತರರು ತಗೆಯಲಿಲ್ಲ. ದಿನಾ ಅರ್ಧ ತಾಸು ಅವನೊಬ್ಬನಿಗೇ ಚೆಂಡು ಪುಟಿಸುವುದನ್ನು ಕಲಿಸಿದರು. ಎರಡು ವರ್ಷದಲ್ಲಿ ದಸ್ತಗೀರಸಾಬ ಅವನ ಅಂಗಿಯ ಭುಜ ಮೂರು ಸಲ ಬಿಚ್ಚಿ ಅಗಲ ಮಾಡಿದ. ಬಳೆಗೆ ಬಡಿದು ತಿರುಗಿದ ಚೆಂಡು ಈಗ ಅವನನ್ನು ದಾಟಿ ಕೆಳಗೆ ಬೀಳುತ್ತಿರಲಿಲ್ಲ.

ಐವತ್ತಾರರ ನವೆಂಬರಿನಲ್ಲಿ ನಮ್ಮ ನಾಡು ಮೈಸೂರಿಗೆ ಸೇರಿತು. ಅದೇ ಖುಷಿಗೆ ಸಂಕ್ರಾಂತಿಯ ಮುಂದೆ ಕಲಬುರ್ಗಿಯಲ್ಲಿ ಪಂದ್ಯ ಇಟ್ಟಿದ್ದೇವೆ, ಎಂಟು ಮಂದಿಗೆ ಊಟ, ವಸ್ತಿ ಕೊಡುತ್ತೇವೆ ಎಂದು ಕಾಗದ ಬಂತು. ತಂಡದಲ್ಲಿದ್ದವರು ಒಂಬತ್ತು ಮಂದಿ.

ಆ ಸಂಜೆಯೂ ದಸ್ತಗೀರಸಾಬ ಕಟ್ಟೆಯಿಂದ ಒದರುತ್ತಲೇ ಇದ್ದ. ಸಾಬಣ್ಣ ಒಬ್ಬನೇ ಎರಡು ಕಡೆ ಯಾಕೆ ಓಡುತ್ತಾನೆ, ಅಮಾತೆಪ್ಪನಿಗೆ ಚೆಂಡು ಯಾಕೆ ಕೊಡುವುದಿಲ್ಲ... ದ್ಯಾವಪ್ಪ ಮಾಸ್ತರರು ಸೀಟಿ ಬಾಯಿಂದ ತೆಗೆದು ನೇರ ಕಟ್ಟೆಗೆ ಬಂದರು.

"ಏಳು ವರ್ಷದಿಂದ ಒದರಾಕತ್ತೀರಿ ಸಾಬ್ರ. ಒಂದು ಕೆಲಸ ಮಾಡ್ರಿ. ಕಲಬುರ್ಗಿಗೆ ಹೋಗೋ ಎಂಟು ಹೆಸರು ನೀವೇ ಬರಕೊಡ್ರಿ."

"ಚೇಷ್ಟಿ ಮಾಡಬ್ಯಾಡ್ರಿ ಮಾಸ್ತರ್ರ."

"ಚೇಷ್ಟಿ ಅಲ್ರಿ. ನಾ ಬರದ್ರ ಇಂವಾ ನನ್ನ ಶಿಷ್ಯ, ಅಂವಾ ನನ್ನ ಊರಾಂವ ಅಂತಾರ. ನೀವು ಎಲ್ಲಾರ್ನೂ ಬೈತೀರಿ. ನಿಮ್ಮ ಮ್ಯಾಲ ಯಾರಿಗೂ ಸಂಶಯ ಇಲ್ಲ."

ಮರುದಿನ ದಸ್ತಗೀರಸಾಬ ಕತ್ತರಿಸುವ ಹಲಗೆಯ ಮೇಲೆ ಸೀಮೆಸುಣ್ಣದಿಂದ ಒಂಬತ್ತೂ ಹೆಸರು ಬರೆದ. ಯಾರನ್ನು ಅಳಿಸಲು ಹೋದರೂ ಕೈ ನಿಲ್ಲುತ್ತಿತ್ತು. ಅಮಾತೆಪ್ಪ ಸಾವಧಾನಿ, ಆದರೆ ಅವನ ಕೈಯಿಂದ ಚೆಂಡು ಕಸಿಯಲು ಯಾರಿಂದಲೂ ಆಗದು. ಸಾಬಣ್ಣ ಗಿಡ್ಡ, ಆದರೆ ಗಾಳಿ. ಹಿಂಗೇ ಒಬ್ಬೊಬ್ಬರನ್ನು ತೂಗುತ್ತಾ ಹೋದಾಗ ಸಾಬಣ್ಣ ಎರಡು ಕಡೆ ಓಡುವುದು ಯಾಕೆಂದು ಅವನಿಗೆ ಹೊಳೆಯಿತು. ಅಯ್ಯಪ್ಪ ಹಿಂದಕ್ಕೆ ಬರುತ್ತಿರಲಿಲ್ಲ. ಎದುರಾಳಿಗಳು ಚೆಂಡು ಒಯ್ದರೆ ನಡುವಿನ ಗೆರೆಯ ಹತ್ತಿರವೇ ಸೊಂಟಕ್ಕೆ ಕೈಯಿಟ್ಟು ನಿಂತುಬಿಡುತ್ತಿದ್ದ. ಅವನ ಜಾಗ ತುಂಬಲು ಸಾಬಣ್ಣ ಓಡುತ್ತಿದ್ದ. ಯಾರೂ ಹೇಳಿರಲಿಲ್ಲ. ಕಪ್ತಾನನಿಗೆ ಯಾರು ಹೇಳಬೇಕು?

ಹೊಸ ಅಂಗಿಗೆ ಅಳತೆ ತಗೊಂಡಾಗ ಅಯ್ಯಪ್ಪನ ಸೊಂಟ ಎರಡೂವರೆ ಇಂಚು ಹೆಚ್ಚಿತ್ತು. ದಸ್ತಗೀರಸಾಬ ಅದನ್ನು ಕಂಡೂ ಕಾಣದ ಹಾಗೆ ಬರೆದುಕೊಂಡಿದ್ದ. ಅಂಗಡಿಗೆ ಮೊದಲು ಬಂದ ಮನುಷ್ಯನ ಹೆಸರನ್ನು ಬೆರಳಿಂದ ಒರೆಸಿದ. ಅಂದು ಮತ್ತೆ ಮಿಷನ್ ತುಳಿಯಲಿಲ್ಲ.

ಬೇರೆಯವರ ಬಾಯಿಂದ ಗೊತ್ತಾಗಬಾರದೆಂದು ಮುಂಜಾನೆಯೇ ಅಯ್ಯಪ್ಪನ ಮನೆಗೆ ಹೋದ. ಅಯ್ಯಪ್ಪ ಅಂಗಳದಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಅವನ ಹೆಂಡತಿ ಕಲ್ಯಾಣಮ್ಮ ಚಾದ ನೀರು ಇಟ್ಟಳು.

"ಎಂಟು ಹೆಸರು ಬರದೀನಿ ಅಯ್ಯಪ್ಪಾ. ನಿಂದು ಇಲ್ಲ."

ಅಯ್ಯಪ್ಪನ ಕೈ ನಿಂತಿತು. "ನೀವಾ? ನೀವು ತಗದ್ರಿ ನನ್ನ?"

"ನಾನೇ ತಗದೀನಿ."

"ಮತ್ತ ಆ ಕುರಿಗಾರ? ಅವನ್ನ ಇಟ್ಟೀರಿ?"

"ಇಟ್ಟೀನಿ. ಅವನದು ಇನ್ನಾ ಅರ್ಧ ಆಟ ಬಂದದ. ಉಳದರ್ಧ ದೊಡ್ಡವರ ಮುಂದ ಆಡಿದ್ರನ ಬರ್ತದ. ಈಗ ಒಯ್ಯಲಿಲ್ಲಂದ್ರ ಅಂವಾ ಇಲ್ಲೇ ಇರ್ತಾನ."

ಅಯ್ಯಪ್ಪ ಎದ್ದು ಒಳಗೆ ಹೋದ, ಹೊರಗೆ ಬರಲಿಲ್ಲ. ಕಲ್ಯಾಣಮ್ಮ ಚಾ ತಂದುಕೊಟ್ಟು, "ಕುಡೀರಿ ಕಾಕಾ. ಇವರು ಪಾವಟಿಗಿ ಮೆಟ್ಟಲ ಹತ್ತೂವಾಗ ಗ್ವಾಡಿ ಹಿಡೀತಾರ. ನಾ ಹೇಳಿದ್ರ ಕೇಳಂಗಿಲ್ಲ. ಯಾರರ ಒಬ್ಬರು ಹೇಳಬೇಕಿತ್ತು," ಎಂದಳು.

ಮೂರು ದಿನ ಅಯ್ಯಪ್ಪ ಮೈದಾನದ ಕಡೆ ತಲೆ ಹಾಕಲಿಲ್ಲ. ದಸ್ತಗೀರಸಾಬನೂ ಒದರಲಿಲ್ಲ, ಆಟಗಾರರೇ ತಿರುಗಿ ತಿರುಗಿ ಕಟ್ಟೆಯ ಕಡೆ ನೋಡಿದರು. ನಾಲ್ಕನೆಯ ಸಂಜೆ ಅಯ್ಯಪ್ಪ ಕಚೇರಿಯ ಧೋತರದಲ್ಲೇ ಬಂದ. ಅಂಗಡಿಯ ಕಡೆ ನೋಡದೆ ಅಮೋಘಸಿದ್ದನನ್ನು ಬಳೆಯ ಕೆಳಗೆ ಕರೆದ.

"ಚೆಂಡು ಸಿಕ್ಕ ಕೂಡ್ಲೆ ಯಾಕ ಎಗರ್ತಿ? ಮದ್ಲ ಬೆನ್ನಿಗೆ ಯಾರದಾರ ನೋಡು. ಒಂದ ಕಾಲು ನೆಲಕ್ಕ ಇಡು, ಇನ್ನೊಂದರಿಂದ ತಿರುಗು. ಹಿಂಗ." ಧೋತರ ಎತ್ತಿ ಕಟ್ಟಿ ತಾನೇ ತಿರುಗಿ ತೋರಿಸಿದ. ಮೊಣಕಾಲು ಹಿಡಿದುಕೊಂಡಿತು, ಹಲ್ಲು ಕಚ್ಚಿ ನಿಂತ. "ಈಗ ನೀ ಮಾಡು."

ಕತ್ತಲಾಗಿ ಬಳೆ ಕಾಣದಂತಾಗುವವರೆಗೆ ಆ ಇಬ್ಬರೂ ಅಲ್ಲೇ ಇದ್ದರು. ಹೋಗುವಾಗ ಅಯ್ಯಪ್ಪ ಕಟ್ಟೆಯ ಹತ್ತಿರ ನಿಂತ. "ಕಲಬುರ್ಗಿಗೆ ನೀವು ಹೋಗ್ತೀರೇನ್ರಿ ಕಾಕಾ?"

"ಅಂಗಡಿ ಬಿಟ್ಟು ನಾ ಎಲ್ಲಿ ಹೋಗಲಿ?"

"ಈ ತಂಡ ನೀವು ಆರಿಸೀರಿ. ನೀವು ಹೋಗಲಿಲ್ಲಂದ್ರ ಹ್ಯಾಂಗ? ನಾನೂ ಬರ್ತೀನಿ. ಇಬ್ಬರೂ ನಮ್ಮ ಟಿಕೀಟು ನಾವೇ ತಗೊಂಡ್ರಾತು."

ಹಾಗೆ ಇಬ್ಬರೂ ಹೊರಟರು. ಯಾದಗಿರಿಯವರೆಗೆ ಬಸ್ಸು, ಅಲ್ಲಿಂದ ರೈಲು. ಕಲಬುರ್ಗಿಯಲ್ಲಿ ಸುಣ್ಣದ ಗೆರೆಯ ಆಚೆ, ಮಂದಿಯ ನಡುವೆ ನೆಲದ ಮೇಲೆ ಕೂತರು. ಅಯ್ಯಪ್ಪ ಆಟವನ್ನು ಹೊರಗಿನಿಂದ ನೋಡಿದ್ದು ಅದೇ ಮೊದಲು.

ಮೊದಲ ಪಂದ್ಯ ಸುರಪುರ ಗೆದ್ದಿತು. ಎರಡನೆಯದು ರೈಲ್ವೆಯವರ ಮೇಲೆ. ಅವರೊಳಗೊಬ್ಬ ಅಮೋಘಸಿದ್ದನಷ್ಟೇ ಎತ್ತರ, ಆದರೆ ಹತ್ತು ವರ್ಷ ಆಡಿ ಪಳಗಿದವನು. ಅಮೋಘಸಿದ್ದ ಆತುರಬಿದ್ದು ಎರಡು ಸಲ ಅವನಿಗೆ ಡಿಕ್ಕಿ ಹೊಡೆದ, ಒಮ್ಮೆ ಚೆಂಡನ್ನು ಪುಟಿಸದೆ ಓಡಿದ. ಅಯ್ಯಪ್ಪ ಜಿಗಿದೆದ್ದು, "ಹೊರಗ ತಗೀರಿ ಅವನ್ನ! ಮಾಸ್ತರ್ರ, ಕಣ್ಣಿಲ್ಲೇನು? ಹೊರಗ ತಗೀರಿ!" ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದ.

ದಸ್ತಗೀರಸಾಬ ಅವನ ಅಂಗಿಯ ಚುಂಗು ಹಿಡಿದು ಎಳೆದು ಕೂಡಿಸಿದ. "ಸುಮ್ಕ ಕುಂದ್ರು ಮಾರಾಯಾ. ತಪ್ಪು ಮಾಡಲಿ. ಅದಕ್ಕ ಕರಕೊಂಡ ಬಂದೀವಿ."

ಕೊನೆಯ ಹೊತ್ತಿಗೆ ಅಮಾತೆಪ್ಪ ಕೊಟ್ಟ ಚೆಂಡು ಬಳೆಯ ಹತ್ತಿರ ಅಮೋಘಸಿದ್ದನ ಕೈಗೆ ಬಂತು. ರೈಲ್ವೆಯವನು ಬೆನ್ನಿಗಿದ್ದ. ಹುಡುಗ ಎಗರಲಿಲ್ಲ. ಒಂದು ಕಾಲು ನೆಲಕ್ಕೆ ಊರಿ ಸರ್ರನೆ ತಿರುಗಿದ, ಎದುರಾಳಿ ಗಾಳಿಗೆ ಹಾರಿ ಬಿದ್ದ, ಚೆಂಡು ಮೆತ್ತಗೆ ಒಳಗಿಳಿಯಿತು. ಅಯ್ಯಪ್ಪ ದಸ್ತಗೀರಸಾಬನ ಮಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ, ಕಣ್ಣು ತುಂಬಿದ್ದವು. ಆ ಪಂದ್ಯವನ್ನು ಸುರಪುರ ಆರು ಅಂಕದಿಂದ ಸೋತಿತು.

ಮರಳುವಾಗ ರೈಲಿನಲ್ಲಿ ಎಂಟೂ ಆಟಗಾರರು, ಮಾಸ್ತರರು ಒಬ್ಬರ ಮೇಲೊಬ್ಬರು ಒರಗಿ ಮಲಗಿದ್ದರು. ಎಚ್ಚರವಿದ್ದವರು ಇಬ್ಬರೇ. ಸಾಬಣ್ಣನ ಜೋಡಿಗೆ ಇನ್ನೊಬ್ಬ ಚುರುಕಿನವನು ಬೇಕು ಎಂದ ಅಯ್ಯಪ್ಪ. ಬೇಡ, ಎತ್ತರದವನು ಬೇಕು ಎಂದ ದಸ್ತಗೀರಸಾಬ. ವಾಡಿ ದಾಟುವ ಹೊತ್ತಿಗೆ ಇಬ್ಬರ ದನಿಯೂ ಏರಿ, ಎದುರಿನ ಬಾಕಿನ ಮುದುಕಿಯೊಬ್ಬಳು ಎದ್ದು ಕೂತು, ಹೊಲದ ಬಾಂದುಕಲ್ಲಿಗೆ ಜಗಳವೇನ್ರಪ್ಪಾ ಎಂದು ಕೇಳಿದಳು.

"ಅಲ್ಲಬೇ ಯವ್ವಾ," ಎಂದ ಅಯ್ಯಪ್ಪ, "ನಮ್ಮ ಹುಡುಗರ ಮಾತು." ಅಮೋಘಸಿದ್ದನ ಜಾರುತ್ತಿದ್ದ ತಲೆಯನ್ನು ತನ್ನ ಹೆಗಲಿಗೆ ಸರಿಮಾಡಿಕೊಂಡು, ಮಾತು ಬಿಟ್ಟಲ್ಲಿಂದ ಮತ್ತೆ ಹಿಡಿದ.